ಹೆಂಗಸರ ಸೀಟಿನ ಮೇಲೆ ಗಂಡಸಿನ ಟವೆಲ್

ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಮಾಡಿದ ಒಂದು ಘನಕಾರ್ಯವನ್ನು ಇವತ್ತು ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಟವೆಲ್ ಎತ್ತಿ ಬಿಸಾಕಿದೆ.

ನಗಬೇಡಿ. ನಮ್ಮ ಕಡೆ ಇದು ಸಣ್ಣ ಅಪರಾಧವಲ್ಲ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದಂತೆ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಊಟದ ಬ್ಯಾಗೋ ಒಳಗೆ ಹಾಕಿದರೆ ಮುಗಿಯಿತು, ಆ ಸೀಟು ಅವರದು. ರಿಜಿಸ್ಟರ್ ಆದ ಸೈಟಿಗೂ ಅಷ್ಟು ಭದ್ರತೆ ಇಲ್ಲ. (ಒಬ್ಬರು ಒಂಟಿ ಚಪ್ಪಲಿ ಹಾಕಿ ಸೀಟು ಹಿಡಿದದ್ದನ್ನೂ ಕಂಡಿದ್ದೇನೆ. ಅದನ್ನೂ ಯಾರೂ ಮುಟ್ಟಲಿಲ್ಲ.)

ಮತ್ತೆ ನಾನ್ಯಾಕೆ ಮುಟ್ಟಿದೆ?

ಈ ಜೂನಿನಲ್ಲಿ ನನಗೆ ಹಳೇಬೀಡಿನ ಶಾಲೆಗೆ ಟ್ರಾನ್ಸ್‌ಫರ್ ಆಯಿತು. ಬೆಳಗಿನ ಬೇಲೂರು ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿಯಬೇಕು. ಮೊದಲ ಗುರುವಾರ ಹತ್ತಿ ನೋಡಿದರೆ ಎಲ್ಲ ಸೀಟೂ ಭರ್ತಿ. ಮುಂದಿನ ಮೂವರ ಸೀಟಿನಲ್ಲಿ ಮಾತ್ರ ಅಂಚಿಗೆ ಒಬ್ಬ ಅಜ್ಜಿ ಕೂತಿದ್ದರು. ಉಳಿದ ಎರಡು ಜಾಗಕ್ಕೂ ಸೇರಿಸಿ ಉದ್ದಕ್ಕೆ ಹಾಸಿದ ಕೆಂಪು ಚೌಕಳಿಯ ಟವೆಲ್. ಮೇಲೆ ನೋಡಿದರೆ ದಪ್ಪ ಅಕ್ಷರದಲ್ಲಿ ‘ಮಹಿಳೆಯರಿಗೆ’ ಎಂದು ಬರೆದಿದೆ.

ನನಗೆ ಉರಿದುಹೋಯಿತು. ಹೆಂಗಸರ ಸೀಟಿನ ಮೇಲೂ ಗಂಡಸರದೇ ಯಜಮಾನಿಕೆಯೇ? ಟವೆಲ್ ಎತ್ತಿ ಲಗೇಜು ಇಡುವ ಕಂಬಿಗಳ ಮೇಲೆ ಎಸೆದೆ. ಕಿಟಕಿ ಪಕ್ಕ ಕೂತೆ. ಅಜ್ಜಿ ಏನೋ ಹೇಳಲು ಬಾಯಿ ತೆರೆದರು. “ಏನಿದ್ರೂ ಅವ್ರೇ ಬಂದು ನನ್ನ ಕೇಳ್ಲಿ” ಅಂದೆ. ಇಪ್ಪತ್ತೆರಡು ವರ್ಷ ಟೇಬಲ್ ಕುಟ್ಟಿ ಪಳಗಿದ ಗಂಟಲು ನನ್ನದು.

ಎರಡು ನಿಮಿಷಕ್ಕೆ ಒಬ್ಬ ತಾಯಿ ಎಂಟು ವರ್ಷದ ಮಗಳ ಕೈಹಿಡಿದು ಬಾಗಿಲಿಗೆ ಬಂದಳು. ಹುಡುಗಿ ಸೀಟಿನ ಕಡೆ ಒಂದೇ ಸಲ ನೋಡಿದ್ದು. ಚೀರಿದಳು. ಹಿಂದಕ್ಕೆ ಮೆಟ್ಟಿಲಿಳಿದು, ಎರಡೂ ಕಿವಿ ಮುಚ್ಚಿಕೊಂಡು ಸ್ಟ್ಯಾಂಡಿನ ನೆಲದ ಮೇಲೆ ಕೂತುಬಿಟ್ಟಳು.

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿದ್ದೆನೇ? ಕಿಟಕಿಯಿಂದ ತಲೆ ಹೊರಗೆ ಹಾಕಿ, “ಇಷ್ಟು ಹಟ ಒಳ್ಳೇದಲ್ಲ ಕಣಮ್ಮ, ಸ್ವಲ್ಪ ಬುದ್ಧಿ ಕಲಿಸಿ” ಅಂತ ತಾಯಿಗೆ ಉಪದೇಶ ಬೇರೆ.

ಅವಳ ಹೆಸರು ಪುಷ್ಪ, ಮಗಳು ಸಿಂಚನ. (ಹೆಸರು ಆಮೇಲೆ ಗೊತ್ತಾದದ್ದು.) ಪುಷ್ಪ ರೇಗಲಿಲ್ಲ. ಅವಳ ಕಣ್ಣು ತುಂಬಿತ್ತು.

“ಹಟ ಅಲ್ಲ ಮೇಡಂ, ಇವ್ಳಿಗೆ ಆಟಿಸಂ ಐತೆ. ಆ ಟವಲ್ ಕಂಡ್ರೇನೇ ಬಸ್ ಹತ್ತೋದು. ಬೇಲೂರಲ್ಲಿ ಇವತ್ತು ಥೆರಪಿ. ಹೋದ ವಾರ ಜ್ವರ ಬಂದು ಹೋಗ್ಲಿಲ್ಲ. ಇವತ್ತೂ ತಪ್ಪಿದ್ರೆ ಇವ್ಳ ಟೈಮು ಬೇರೆ ಮಗೂಗೆ ಕೊಟ್ಬುಡ್ತಾರೆ. ಕಾಯೋರು ಬಾಳ ಜನ ಅವ್ರೆ. ಈಗಷ್ಟೇ ಒಂದೆರಡು ಮಾತು ಬತ್ತಾ ಐತೆ...”

ನನಗೆ ಕೂತ ಸೀಟು ಮುಳ್ಳಾಯಿತು.

ಅಷ್ಟರಲ್ಲಿ ಗೇಟಿನ ಹತ್ತಿರದಿಂದ ಒಬ್ಬರು ಮಚ್ಚು ಹಿಡಿದು ಓಡಿಬಂದರು. ನನಗೇ ಅಂದುಕೊಂಡೆ! ಅಲ್ಲ, ಅವರು ಎಳನೀರು ಮಾರುವ ಶಿವಣ್ಣ. ಟವೆಲ್ಲಿನ ಒಡೆಯರು. ನಾನು ತಡವರಿಸುತ್ತಾ, “ಕ್ಷಮಿಸಿ, ನೀವು ಎಲ್ಲಿಗೆ ಹೋಗ್ಬೇಕಿತ್ತು?” ಅಂದೆ.

“ನಾನೆಲ್ಗೂ ಹೋಗಲ್ಲ ತಾಯಿ. ಟವಲ್ ಒಂದೇ ಹೋಗೋದು.”

ಹೌದು. ಗುರುವಾರ ಗುರುವಾರ ಶಿವಣ್ಣನ ಟವೆಲ್ ಬೇಲೂರಿಗೆ ಹೋಗುತ್ತದೆ. ಸಂಜೆ ಅದೇ ತಾಯಿ ಮಗಳ ಜೊತೆ ವಾಪಸ್ ಬರುತ್ತದೆ. ಸಿಂಚನಳನ್ನು ಅವಳಪ್ಪ ಕಣಕಟ್ಟೆಯಿಂದ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ತಂದು ಬಿಡುತ್ತಾನೆ. ಮುಂದಕ್ಕೆ ಬಸ್ಸು. ಮೊದಲ ದಿನ ನೂಕುನುಗ್ಗಲು ನೋಡಿ ಶಿವಣ್ಣ ಇವರಿಗೆ ಒಂದು ಸೀಟಿರಲಿ ಅಂತ ಹೆಗಲ ಮೇಲಿನ ಟವೆಲ್ ಒಳಗೆ ಹಾಕಿದ್ದರು. ಅಂದಿನಿಂದ ಸಿಂಚನಳಿಗೆ ಬಸ್ಸು ಅಂದರೆ ಆ ಟವೆಲ್ ಇರುವ ಬಸ್ಸು.

ನಾನು ಎದ್ದು ಟವೆಲ್ ತೆಗೆದು ಹಾಸಿದೆ. ಪ್ರಯೋಜನವಾಗಲಿಲ್ಲ. ಹುಡುಗಿ ತಲೆಯೆತ್ತಿ ನೋಡಲೂ ಇಲ್ಲ. ಹೊರಡುವ ಹೊತ್ತು ಮೀರಿತ್ತು. ಬಸ್ಸು ಹೋದರೆ ಆ ಮಗುವಿನ ಥೆರಪಿಯೂ ಹೋಗುತ್ತದೆ, ಮತ್ತು ಅದನ್ನು ಕಳೆದವಳು ನಾನು. ಕಂಡಕ್ಟರ್ ಮಂಜಣ್ಣ ಒಂದು ಕ್ಷಣ ಗಡ್ಡ ಕೆರೆದುಕೊಂಡರು.

“ಮುಂದ್ಗಡೆ ಇರೋರೆಲ್ಲಾ ಒಂದ್ಸಲ ಇಳೀರಪ್ಪಾ. ಮೊದ್ಲಿಂದ ಮಾಡಾನ.”

ಅರಸೀಕೆರೆ ಸ್ಟ್ಯಾಂಡಿನಲ್ಲಿ, ಸಿಕ್ಕ ಸೀಟು ಬಿಟ್ಟು ಇಳಿಯಿರಿ ಅನ್ನುವುದೇ? ನಾನಂತೂ ಜಗಳ ಗ್ಯಾರಂಟಿ ಅಂದುಕೊಂಡೆ. ಆದರೆ ಜನ ಇಳಿದರು ಕಣ್ರೀ! ಅಜ್ಜಿ ಇಳಿದರು. ಕಾಲೇಜು ಹುಡುಗಿಯರು ಇಳಿದರು. ಕೊಬ್ಬರಿ ವ್ಯಾಪಾರಿಯೊಬ್ಬರು ಗೊಣಗುತ್ತಲೇ ಚೀಲ ಸಮೇತ ಇಳಿದರು. ಡ್ರೈವರ್ ಬಸ್ಸನ್ನು ಹೊರಗೆ ಒಯ್ದು, ಒಂದು ಸುತ್ತು ಹಾಕಿಸಿ, ಆಗಷ್ಟೇ ಬಂದವರಂತೆ ಮತ್ತೆ ಒಳಗೆ ತಂದು ನಿಲ್ಲಿಸಿದರು. ಶಿವಣ್ಣ ಟವೆಲ್ ಕೊಡವಿ ಕಿಟಕಿಯಿಂದ ಒಳಗೆ ಹಾಕಿದರು. ಸಿಂಚನ ತಲೆಯೆತ್ತಿ ನೋಡಿದಳು. ಕಿವಿಯಿಂದ ಕೈ ತೆಗೆದಳು. ಎದ್ದಳು. ಹತ್ತಿದಳು.

ಆಮೇಲೆ ಉಳಿದವರು ಹತ್ತಿದರು. ಯಾರೂ ತಳ್ಳಲಿಲ್ಲ. ಎಲ್ಲರೂ ಮೊದಲಿನ ಜಾಗದಲ್ಲೇ ಕೂತರು. ನಾನು ಹಳೇಬೀಡಿನವರೆಗೂ ನಿಂತೇ ಹೋದೆ, ನಿಲ್ಲಬೇಕಾದವಳೇ.

ನಿಂತಿದ್ದಾಗ ನೆನಪಾದವಳು ಕಾವ್ಯ. ಹಿಂದಿನ ಶಾಲೆಯಲ್ಲಿ ನನ್ನ ತರಗತಿಯಲ್ಲಿದ್ದಳು. ಏನು ಕೇಳಿದರೂ ಗೋಡೆ ನೋಡಿಕೊಂಡು ಉತ್ತರ ಕೊಡುತ್ತಿದ್ದಳು. ಉತ್ತರ ಸರಿಯಾಗಿಯೇ ಇರುತ್ತಿತ್ತು! ಆದರೂ “ಮುಖ ನೋಡಿ ಮಾತಾಡೋವರೆಗೂ ನಿಂತಿರು” ಅಂತ ಇಡೀ ಪೀರಿಯಡ್ ನಿಲ್ಲಿಸಿದ್ದೆ. ಒಂದು ದಿನವಲ್ಲ. ಅವಳಿಗೆ ಏನಿತ್ತೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತಲೂ ಅನಿಸಿರಲಿಲ್ಲ.

ಪುಷ್ಪ ಈಗ ನನಗೆ ಪರಿಚಯ. ಅವಳೇ ಒಂದು ವಿಷಯ ಹೇಳಿದಳು. ಬೇಲೂರಿನ ಆ ಥೆರಪಿ ಕೋಣೆಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬರುತ್ತಾಳಂತೆ. ಸಣ್ಣ ಊರುಗಳಲ್ಲಿ ಆಟಿಸಂ ಇರುವ ಮಕ್ಕಳ ಮನೆಯವರಿಗೆ ಏನು ಆಸರೆ ಇದೆ ಅನ್ನುವುದು ಅವಳ ವಿಷಯ. ಫಾರಂನಲ್ಲಿ ಒಂದು ಪ್ರಶ್ನೆ: ನಿಮಗೆ ನೆರವಾಗುತ್ತಿರುವ ಸಂಸ್ಥೆ ಯಾವುದು? ಪುಷ್ಪ ಹೇಳಿದ್ದು, “ಸಂಸ್ಥೆ ಯಾವ್ದೂ ಇಲ್ಲ ಮೇಡಂ. ಒಂದು ಟವಲ್ ಐತೆ.”

ಆ ಹುಡುಗಿ ನಗಲಿಲ್ಲ. ಮುಂದಿನ ಗುರುವಾರ ಅರಸೀಕೆರೆಗೇ ಬಂದು, ಸ್ಟ್ಯಾಂಡಿನಲ್ಲಿ ನಿಂತು ಎಲ್ಲ ನೋಡಿದಳು. ನಮ್ಮ ಜೊತೆಗೇ ಬಸ್ಸು ಹತ್ತಿದಳು. “ಇದನ್ನ ಏನಂತ ಬರೀತೀರ?” ಅಂತ ಕೇಳಿದೆ. “ಅದೇ ಯೋಚನೆ ಮೇಡಂ, ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ” ಅಂದಳು. “ಇಲ್ದಿದ್ರೆ ಹಾಕಿ” ಅಂದೆ. ಜಾವಗಲ್ ದಾಟುವುದರೊಳಗೆ ಪೆನ್ನಿನಲ್ಲಿ ಗೆರೆ ಎಳೆದು ಒಂದು ಕಾಲಂ ಹಾಕಿದಳು. ಬಸ್ಸಿನ ಕುಲುಕಾಟಕ್ಕೆ ಗೆರೆ ಸೊಟ್ಟಗಾಗಿತ್ತು. ನನಗೆ ಆ ಹುಡುಗಿಯ ಮೇಲೆ ಗೌರವ ಬಂತು.

ಟವೆಲ್ ಒಂದಿದ್ದರೆ ಸಾಕು ಅಂತ ನಾನು ಹೇಳುತ್ತಿಲ್ಲ. ಕಣಕಟ್ಟೆಯ ಮಗು ಬೇಲೂರಿನವರೆಗೆ ಯಾಕೆ ಹೋಗಬೇಕು? ಥೆರಪಿ ಕಲಿತವರು ಹೋಬಳಿಗೊಬ್ಬರಾದರೂ ಬೇಡವೇ? ನನ್ನಂಥ ಟೀಚರಿಗೆ ಇದನ್ನೆಲ್ಲ ಬಸ್‌ಸ್ಟ್ಯಾಂಡ್ ಕಲಿಸಬೇಕೇ? ಕೇಳಬೇಕಾದ್ದನ್ನು ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ಮಗು ಬಸ್ಸು ಹತ್ತಬೇಕಲ್ಲ.

ಹೋದ ಗುರುವಾರ ಏನಾಯಿತು ಗೊತ್ತೇ? ಶಿವಣ್ಣ ಇರಲಿಲ್ಲ! ಗಂಡಸಿಯಲ್ಲಿ ಮಗಳ ಮನೆಯ ಗೃಹಪ್ರವೇಶ. ಟವೆಲ್ ಕೊಟ್ಟುಹೋಗಲು ಮರೆತಿದ್ದರು. ಪುಷ್ಪಳ ಮುಖ ಬಿಳಿಚಿತ್ತು. ಬಸ್ಸು ಬಂತು. ಮಂಜಣ್ಣ “ಯಾರತ್ರನಾದ್ರೂ ಟವಲ್ ಐತೇನ್ರೋ?” ಅಂತ ಕೂಗಿದ್ದೇ ತಡ, ಆ ಹೆಂಗಸರ ಸೀಟಿನ ಕಿಟಕಿಯಿಂದ ಐದಾರು ಟವೆಲ್ ಒಳಗೆ ಬಿದ್ದವು. ಬಿಳಿ, ನೀಲಿ, ಹಸಿರು ಅಂಚಿನದು. ಕೊಬ್ಬರಿ ವ್ಯಾಪಾರಿಯದೂ ಒಂದು. ಕೆಂಪು ಚೌಕಳಿಯದು ಮಾತ್ರ ಒಂದೂ ಇಲ್ಲ.

ಸಿಂಚನ ಬಾಗಿಲಲ್ಲಿ ನಿಂತಳು. ಕೈ ಕಿವಿಯ ಹತ್ತಿರ ಹೋಯಿತು. ಹಿಂದಿದ್ದ ನಾವೆಲ್ಲ ಉಸಿರು ಹಿಡಿದೆವು. ಎಷ್ಟು ಹೊತ್ತು ನಿಂತಳೋ. ಪುಷ್ಪ ಅವಳನ್ನು ತಳ್ಳಲಿಲ್ಲ, ಕರೆಯಲೂ ಇಲ್ಲ.

“ಟವಲ್” ಅಂದಳು ಸಿಂಚನ. ಅಷ್ಟೇ. ಆಮೇಲೆ ಒಳಗೆ ಹೋಗಿ ರಾಶಿಯನ್ನು ಬಿಡಿಸತೊಡಗಿದಳು. ನೀಲಿಯನ್ನು ಕಿಟಕಿ ಪಕ್ಕ ಹಾಸಿದಳು. ಹಸಿರು ಅಂಚಿನದನ್ನು ಅಮ್ಮನ ಜಾಗಕ್ಕೆ. ಒಂದು ಬಿಳಿಯದನ್ನು ಅಂಚಿನ ಮೂರನೇ ಸೀಟಿಗೆ ಹಾಸಿ, ಮೂಲೆ ಎಳೆದು ಸರಿಮಾಡಿದಳು. ಉಳಿದವನ್ನು ಮಂಜಣ್ಣನ ಕೈಗೆ ತುರುಕಿ, ಕಿಟಕಿ ಪಕ್ಕ ಹೋಗಿ ಕೂತಳು. ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಅಜ್ಜಿ ಗದರಿದರು, “ಶ್! ಮಗು ಬೆದ್ರೀತು ಕಣ್ರೇ!”

ಅಜ್ಜಿ ತಮ್ಮ ಅಂಚಿನ ಜಾಗ ಬಿಟ್ಟು ಹಿಂದಿನ ಸೀಟಿಗೆ ಹೋಗಿ, ಆ ಬಿಳಿ ಟವೆಲ್ಲಿನ ಕಡೆ ನನಗೆ ಕಣ್ಸನ್ನೆ ಮಾಡಿದರು. ಸಿಂಚನ ಅದನ್ನು ನನಗೆಂದೇ ಹಾಸಿದಳೋ, ಸಾಲು ಪೂರ್ತಿಯಾಗಲಿ ಅಂತ ಹಾಸಿದಳೋ ನನಗೆ ತಿಳಿಯದು. ಈ ಸಲ ಟವೆಲ್ ಮುಟ್ಟಲಿಲ್ಲ. “ಕೂತ್ಕೊಳ್ಲಾ ಪುಟ್ಟಿ?” ಅಂದೆ.

ಅವಳು ನನ್ನ ಮುಖ ನೋಡಲಿಲ್ಲ. ಕಿಟಕಿಯಾಚೆ ನೋಡಿಕೊಂಡೇ, “ಕೂತ್ಕೋ” ಅಂದಳು.

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ, ಒಂದು ಮಗುವಿನ ಅಪ್ಪಣೆ ಕೇಳಿ ನಾನು ಕೂತದ್ದು ಅದೇ ಮೊದಲು.