ಟೇಪ್ ಹಿಡಿದು ಅಳತೆ ತೆಗೆಯುವ ಪಾಠ

ಗೆಳೆಯರೇ, ಮೂರು ತಿಂಗಳು ಕೂತು ಬರೆದ ನನ್ನ ಹೊಲಿಗೆ ಪುಸ್ತಕ ಇವತ್ತು ಮಧ್ಯಾಹ್ನ ಕಾಂದಿವಲಿಯ ಚಾಳೊಂದರಲ್ಲಿ ಮೊದಲ ಪಾಠಕ್ಕೇ ಮುಗ್ಗರಿಸಿತು.

ನಾಲ್ಕು ಮನೆಗಳ ಕೆಲಸ ಮುಗಿಸಿ ಬಂದು ಹೊಲಿಗೆ ಕಲಿಯುವ ಹೆಂಗಸರಿಗಾಗಿ ಬರೆದದ್ದು. ಮೊದಲ ಪಾಠ, ಟೇಪ್ ಹಿಡಿದು ಗಿರಾಕಿಯ ಮೈ ಅಳತೆ ತೆಗೆಯುವುದು. ಅದಕ್ಕೇ ಏಳು ಚಿತ್ರ. ಅವರಲ್ಲೊಬ್ಬರು, ಆಗಲೇ ಅಕ್ಕಪಕ್ಕದವರಿಗೆ ಬ್ಲೌಸ್ ಹೊಲಿದುಕೊಡುವ ವಿಜಯಪುರದ ಕಡೆಯ ಗಂಗವ್ವ, ಪುಟ ತಿರುವಿ ಕೇಳಿದರು, "ಇಷ್ಟೊತ್ತು ನಿಂತು ಅಳತಿ ಕೊಡಾಕ ಯಾರಿಗೆ ಟೈಮ್ ಐತ್ರಿ ಮೇಡಂ? ಎಲ್ಲಾರೂ ಒಂದು ಹಳೀ ಬ್ಲೌಸ್ ಕೊಟ್ಟು, ಸೇಮ್ ಹಿಂಗ ಹೊಲೀರಿ ಅಂತಾರ."

"ಹಾಗಾದರೆ ಅದನ್ನೇ ಅಳೆದು ಹೊಲಿಯಿರಿ" ಎಂದೆ, ಸ್ವಲ್ಪ ಬಿಗುವಾಗಿಯೇ.

"ಹಂಗ ಹೊಲದ್ರ ಹುಕ್ ಹತ್ತಂಗಿಲ್ರಿ. ಅವರು ಕೊಡೂದು ಲಗ್ನದಾಗ ಹೊಲಿಸಿದ್ದು. ನಾವಾಗೇ ಎರಡು ಬೆರಳು ಸಡಿಲ ಬಿಡಬೇಕು. ದಪ್ಪ ಆಗೀರಿ ಅಂತ ಮಾತ್ರ ಅನಬಾರದು."

ಉಳಿದವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ನಾನು ಪೆನ್ನು ತೆಗೆದು ಅದನ್ನೇ ಮೊದಲ ಪಾಠವಾಗಿ ಬರೆದುಕೊಂಡೆ. ಏಳು ಚಿತ್ರಗಳಿಗೂ ಅಡ್ಡಗೆರೆ ಎಳೆದೆ.

ಹೊರಡುವಾಗ, ಕಲಿಸಿದ ಗುರುವಿಗೆ ಮರ್ಯಾದೆಯೆಂದು, "ನನಗೂ ಒಂದು ಬ್ಲೌಸ್ ಹೊಲಿದುಕೊಡಿ ಗಂಗವ್ವ. ನಾಳೆ ಹಳೆಯದೊಂದು ತರುತ್ತೇನೆ, ಎರಡು ಬೆರಳು ಬಿಟ್ಟರಾಯಿತು" ಎಂದೆ.

ಗಂಗವ್ವ ನನ್ನನ್ನು ಪ್ರೀತಿಯಿಂದ ಮೇಲಿಂದ ಕೆಳಗೆ ನೋಡಿದರು. ದಪ್ಪ ಎಂದು ಮಾತ್ರ ಅನ್ನಲಿಲ್ಲ.

"ನಿಲ್ರಿ ಮೇಡಂ, ಟೇಪ್ ತರತೀನಿ" ಎಂದರು.

ನನ್ನ ಏಳು ಚಿತ್ರಗಳು ಒಬ್ಬರಿಗಾದರೂ ಉಪಯೋಗಕ್ಕೆ ಬಂದವು.