ಕೆರೆಯ ಏರಿನಲ್ಲಿ ನಾನು ಇಳಿಸಿದ ಕಿಟಕಿ

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದೇನೆ. ಮಗಳ ಮದುವೆ ಆಗಲಿ ಎಂದುಕೊಂಡೆ. ಆಮೇಲೆ ಕೆಲಸದಿಂದ ನಿವೃತ್ತಿಯಾಗಲಿ ಎಂದುಕೊಂಡೆ. ನೆಪಗಳೆಲ್ಲ ಮುಗಿದ ಮೇಲೂ ಸುಮ್ಮನೇ ಇದ್ದೆ. ನಾನು ಓದಿದ್ದು ಹೈಸ್ಕೂಲಿನ ತನಕ, ಬರೆದು ರೂಢಿಯಿಲ್ಲ. ಬಾಯಿಬಿಟ್ಟು ಹೇಳಲು ಆಗಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮದುವೆಯಾಗಿ ಎರಡನೇ ವರ್ಷ. ಹಲಸೂರಿನ ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ಕಾರ್ಖಾನೆಯಲ್ಲಿ ಲೇತ್ ಕೆಲಸ. ಹೆಂಡತಿ ಚೊಚ್ಚಲ ಬಾಣಂತನಕ್ಕೆ ಚಿಂತಾಮಣಿ ಕಡೆಯ ತವರಿಗೆ ಹೋಗಿದ್ದಳು. ಶನಿವಾರ ಪಾಳಿ ಮುಗಿಸಿ ದಂಡಿನ ಸ್ಟೇಷನ್ನಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ರೈಲು ಹತ್ತುತ್ತಿದ್ದೆ. ಕೃಷ್ಣರಾಜಪುರ ದಾಟಿದ ಮೇಲೆ ಎರಡೂ ಕಡೆ ರಾಗಿ ಹೊಲ; ಈಗ ನಾನಿರುವ ರಾಮಮೂರ್ತಿ ನಗರದ ಕಡೆಯೂ ಆಗ ಹೊಲವೇ. ಬಂಗಾರಪೇಟೆಯಲ್ಲಿ ಇಳಿದು ಚಿಕ್ಕ ರೈಲು ಹಿಡಿಯಬೇಕಿತ್ತು.

ಆ ರೈಲನ್ನು ನೋಡದವರಿಗೆ ಹೇಗೆ ಹೇಳುವುದು? ಹಳಿಗಳ ನಡುವೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟೂ ಜಾಗವಿಲ್ಲ. ಡಬ್ಬಿಯಲ್ಲಿ ಎದುರಿಗೆ ಕೂತವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತಿತ್ತು. ಬಲ್ಲವರು ಎಂಜಿನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು, ಇಲ್ಲದಿದ್ದರೆ ಕಲ್ಲಿದ್ದಲ ಕಿಡಿ ನೇರ ಕಣ್ಣಿಗೆ. ಸ್ಟೇಷನ್ನಿನಲ್ಲಿ ಹೆಂಗಸರು ಚೊಂಬು ಹಿಡಿದು ಎಂಜಿನ್ನಿನ ಹತ್ತಿರ ಓಡಿದರೆ ಡ್ರೈವರು ಬಿಸಿನೀರು ಬಿಟ್ಟುಕೊಡುತ್ತಿದ್ದ. ಅದರಲ್ಲೇ ಕೂಸಿಗೆ ಹಾಲಿನ ಪುಡಿ ಕಲಸುತ್ತಿದ್ದರು. ಸೋಮವಾರ ವಠಾರದ ನಲ್ಲಿಯಲ್ಲಿ ಅಂಗಿ ಒಗೆದರೆ ನೀರು ಕಪ್ಪಗೆ ಇಳಿಯುತ್ತಿತ್ತು. ಆ ಹೊಗೆಯ ವಾಸನೆಯಲ್ಲಿ ಕೂಸಿನ ವಾಸನೆಯೂ ಸೇರಿದೆ ಅನಿಸಿ ಕೆಲವು ಸಲ ಒಗೆಯದೆ ಇಟ್ಟದ್ದುಂಟು.

ಅತ್ತೆ ತೀರಿಕೊಂಡಿದ್ದರು. ಮಗಳ ಬಾಣಂತನವನ್ನು ಮಾವನೇ ಮಾಡುತ್ತಿದ್ದರು. ಹಂಡೆಗೆ ಉರಿ ಹಾಕುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು, ಕೂಸಿನ ಬಟ್ಟೆ ಒಗೆಯುವುದು ಎಲ್ಲ ಅವರದೇ. ಎಣ್ಣೆ ತಿಕ್ಕಲು ಮಾತ್ರ ಪಕ್ಕದ ಮನೆಯವರು ಬರುತ್ತಿದ್ದರು. ಊರಿನವರು ನಕ್ಕರೆ, "ನಾನು ಹಸುಗೇ ಹೆರಿಗೆ ಮಾಡ್ಸಿದೀನಿ, ಇದೇನ್ ಮಹಾ" ಎನ್ನುತ್ತಿದ್ದರು.

ಭಾನುವಾರ ಹಿಂತಿರುಗುವಾಗ ಒಂದು ಪದ್ಧತಿಯಿತ್ತು. ಅವರೂರಿನ ಸ್ಟೇಷನ್ ಬಿಟ್ಟ ರೈಲು ಕೆರೆಯನ್ನು ಸುತ್ತಿಕೊಂಡು ಬಂದು ಮತ್ತೆ ಮಾವನ ಹೊಲದ ಅಂಚಿಗೇ ಸೇರುತ್ತಿತ್ತು. ಅಲ್ಲಿ ಏರು. ಎಂಜಿನ್ ಏದುಸಿರು ಬಿಡುತ್ತ ಮನುಷ್ಯ ನಡೆಯುವ ವೇಗಕ್ಕೆ ಬಂದುಬಿಡುತ್ತಿತ್ತು. ಹಾಗಾಗಿ ಸ್ಟೇಷನ್ನಿನಲ್ಲಿ ಕೊಡಲು ಮರೆತದ್ದನ್ನು ಜನ ಏರಿನಲ್ಲಿ ಕೊಡುತ್ತಿದ್ದರು. ಕೊಡೆ, ಚಪ್ಪಲಿ, ಕರಿಬೇವು, ಒಮ್ಮೆ ಯಾರದೋ ಅಜ್ಜಿಯ ಹಲ್ಲಿನ ಸೆಟ್ಟು. ಮಾವ ಮಾತ್ರ ಮರೆತು ಬರುತ್ತಿರಲಿಲ್ಲ, ಬೇಕೆಂದೇ ಅಲ್ಲಿಗೆ ಬರುತ್ತಿದ್ದರು. ನಾನು ಸ್ಟೇಷನ್ನಿಗೆ ಹೊರಟ ಮೇಲೆ ಹೆಂಡತಿ, ಬಾಣಂತಿಗೆ ಬೇಡವೆಂದರೂ ಕೇಳದೆ, ಒಲೆ ಮುಂದೆ ಕೂತು ಅವರೆಕಾಳು ಹಾಕಿದ ರಾಗಿ ರೊಟ್ಟಿ ತಟ್ಟುತ್ತಿದ್ದಳು. ಮಾವ ಅದನ್ನು ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಹೊಲವನ್ನು ಅಡ್ಡ ಹಾಯ್ದು ಓಡಿಬಂದು ಕಿಟಕಿಗೆ ಕೊಡುತ್ತಿದ್ದರು. ನಾಲ್ಕು ಹೆಜ್ಜೆ ರೈಲಿನ ಜೊತೆಗೇ ನಡೆಯುತ್ತಿದ್ದರು. "ಬಿಸಿ ಐತೆ, ಬಂಗಾರಪೇಟೆ ತಂಕ ಕಾಯ್ಬೇಡಿ, ಈಗ್ಲೇ ತಿನ್ನಿ." ಆ ನಾಲ್ಕು ಹೆಜ್ಜೆಗಾಗಿ ಅವರು ವಾರವೆಲ್ಲ ಕಾಯುತ್ತಾರೆ ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ಅವರೆಕಾಯಿ ಕಾಲದ ಒಂದು ಭಾನುವಾರ. ಕಾರ್ಖಾನೆಯ ಮೂವರು ಗೆಳೆಯರು ಚಿಂತಾಮಣಿಗೆ ಮದುವೆಗೆ ಬಂದಿದ್ದವರು ಅದೇ ರೈಲಿನಲ್ಲಿ ಸಿಕ್ಕರು. ಇವರ ಹತ್ತಿರ ನಾನು ಮೊದಲೇ ಜಂಬ ಕೊಚ್ಚಿಕೊಂಡಿದ್ದೆ: ನಮ್ಮ ಮಾವನಿಗೆ ದೊಡ್ಡ ರೇಷ್ಮೆ ಮನೆಯಿದೆ, ಜೀಪಿದೆ, ಆಳುಗಳಿದ್ದಾರೆ ಎಂದು. ಇದ್ದದ್ದು ಒಂದಿಷ್ಟು ಹಿಪ್ಪುನೇರಳೆ ಗಿಡ ಮತ್ತು ಅವರ ಎರಡು ಕೈ.

ಏರು ಬಂತು. ಮಾವ ನಿಂತಿದ್ದರು. ನೀರು ಕಟ್ಟುತ್ತಿದ್ದವರು ಹಾಗೇ ಬಂದಿರಬೇಕು, ಮೊಣಕಾಲ ತನಕ ಕೆಸರು, ಮೈಮೇಲೆ ತೂತು ಬನಿಯನ್. ಗಂಟನ್ನು ಎತ್ತಿ ಹಿಡಿದು ಕೈಬೀಸುತ್ತಿದ್ದರು.

"ಲೋ ಮಗಾ, ಅಲ್ನೋಡೋ, ರೈಲಿಗೆ ಕೈ ಅಡ್ಡ ಹಾಕ್ತಾವ್ನೆ! ಶಿವಾಜಿನಗರದ ಬಸ್ಸು ಅನ್ಕೊಂಬಿಟ್ನಾ?" ಎಂದ ಒಬ್ಬ.

"ಕಡ್ಲೇಕಾಯಿ ಮಾರೋನು ಕಣೋ. ಏ ತಾತಾ, ಎಷ್ಟೋ ಸೇರು?" ಎಂದು ಇನ್ನೊಬ್ಬ ಕೂಗಿದ.

ಮೂರನೆಯವನು, "ವಿಡು ಮಚ್ಚಾ, ಪಾವಂ" ಎಂದು, ಬಿಡೋ ಪಾಪ ಎನ್ನುವುದನ್ನು ತಮಿಳಿನಲ್ಲಿ ಹೇಳಿ ನಕ್ಕ.

ಅವರು ನನ್ನ ಮಾವ ಕಣ್ರೋ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾವನ ಕಣ್ಣು ನನ್ನ ಕಣ್ಣು ಕೂಡಿದ್ದವು. ನಾನು ಕಿಟಕಿಯ ಮರದ ಬಾಗಿಲನ್ನು ಎಳೆದು ಇಳಿಸಿದೆ. "ಹೊಗೆ ಕಣ್ರೋ" ಅಂದೆ. ಗಂಟು ಬಂದು ಹಲಗೆಗೆ ಬಡಿದ ಸದ್ದು ಕೇಳಿತು. ಪಟ್ಟಿಗಳ ಸಂದಿಯಲ್ಲಿ ನೋಡಿದರೆ ಮಾವ ಜಲ್ಲಿಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಚೆಲ್ಲಿದ ರೊಟ್ಟಿ ಹೆಕ್ಕುತ್ತಿದ್ದರು, ಒಂದೊಂದರ ಮಣ್ಣನ್ನೂ ಊದಿ ಊದಿ.

ಮುಂದಿನ ಶನಿವಾರ ಹೋದಾಗ ಹೆಂಡತಿ ಕೇಳಿದಳು. "ರೀ, ಹೋದ್ವಾರ ಗಂಟು ಹಿಡೀಲಿಲ್ವಂತೆ? ಅಪ್ಪ ಕೈ ಜಾರ್ತು ಅಂದ್ರು."

ಮಾವ ನನ್ನನ್ನು ಕಾಪಾಡಿದ್ದರು. ನಾನು ಅಷ್ಟಕ್ಕೇ ಬಿಡಬಹುದಿತ್ತು. "ಕಣ್ಣಿಗೆ ಕಿಡಿ ಬಿತ್ತು, ಅದ್ಕೇ ಕಿಟಕಿ ಇಳಿಸ್ದೆ" ಎಂದು ಒಂದು ಸುಳ್ಳು ಸೇರಿಸಿದೆ.

ಅವಳು ಗಾಬರಿಯಾಗಿ ತಂದೆಯ ಮೇಲೆ ತಿರುಗಿಬಿದ್ದಳು. "ಏನಪ್ಪಾ ನೀನು! ಕಣ್ಣಿಗೆ ಕಿಡಿ ಬಿದ್ದು ಒದ್ದಾಡೋರ ಮುಖಕ್ಕೆ ಗಂಟು ಎಸೀತಾರಾ? ಭಿಕ್ಷೆ ಬೇಡೋರ ಥರ ರೈಲಿನ ಮುಂದೆ ನಿಂತ್ಕೊಳ್ಳೋದು ಸಾಕು. ಇನ್ಮೇಲೆ ಅಲ್ಲಿಗೆ ಹೋಗ್ಬೇಡ. ನನ್ನಾಣೆ."

ಮಾವ ನನ್ನ ಕಡೆ ನೋಡಲೇ ಇಲ್ಲ. "ಆಯ್ತು ಬಿಡವ್ವ" ಎಂದು ಎದ್ದು ಹಿತ್ತಲಿಗೆ ಹೋದರು. ನಂದಿಬಟ್ಟಲು ಹೂ ಕಿತ್ತುತಂದು ನೀರಲ್ಲಿ ಅದ್ದಿ, "ಮಲೀಕೊಳ್ಳಿ, ಕಣ್ಣು ತಂಪಾಗ್ತದೆ" ಎಂದರು. ಏನೂ ಆಗದ ಕಣ್ಣಿನ ಮೇಲೆ ಹೂ ಇಡಿಸಿಕೊಂಡು ನಾನು ಅವರ ಜಗುಲಿಯ ಮೇಲೆ ಮಲಗಿದ್ದೆ.

ಮಾರನೆಯ ದಿನ ಏರಿನಲ್ಲಿ ಯಾರೂ ಇರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ರೊಟ್ಟಿ ಬರುತ್ತಿತ್ತು, ಸ್ಟೇಷನ್ನಿನಲ್ಲೇ, ಆರಿ ಗಟ್ಟಿಯಾಗಿ.

ಮೂರನೆಯದೋ ನಾಲ್ಕನೆಯದೋ ವಾರ ತಡೆಯಲಾಗದೆ ಸ್ಟೇಷನ್ ದಾರಿಯಲ್ಲಿ ಅವರ ಕೈ ಹಿಡಿದುಕೊಂಡೆ. ಇದ್ದದ್ದನ್ನೆಲ್ಲ ಹೇಳಿ ತಪ್ಪಾಯಿತು ಎಂದೆ.

"ಗೊತ್ತು ಕಣಪ್ಪ" ಎಂದರು. "ಕಿಡಿ ಬಿದ್ದೋನು ಮೊದ್ಲು ಕಣ್ಣು ಉಜ್ಕೊಂತಾನೆ, ಕಿಟ್ಕಿ ಎಳೆಯಲ್ಲ. ವಯಸ್ಸು, ಸ್ನೇಹಿತ್ರು ಬೇರೆ ಇದ್ರು. ಹೋಗ್ಲಿ."

"ಮತ್ತೆ ಏರಿಗೆ ಬನ್ನಿ ಮಾವ."

"ಹೆಂಗ್ ಬರ್ಲಿ? ಮಗಳು ಆಣೆ ಹಾಕವ್ಳಲ್ಲ."

"ನಾನು ಅವಳಿಗೆ ಹೇಳ್ತೀನಿ."

ಅವರು ನಿಂತುಬಿಟ್ಟರು. "ಈಗ ಬ್ಯಾಡ. ಹಸಿ ಬಾಣಂತಿ. ಮನಸ್ಸಿಗೆ ಹಚ್ಕೊಂಡ್ರೆ ಎದೆಹಾಲು ಬತ್ತೋಗ್ತದೆ. ಆಮೇಲೆ ಹೇಳಿ."

ಅವರು ಹೇಳಿದ್ದು ಈಗ ಬೇಡ ಎಂದು ಮಾತ್ರ. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮಗು ಹಾಲು ಬಿಟ್ಟಿತು, ಶಾಲೆಗೆ ಹೋಯಿತು, ನಾನು ಹೇಳಲಿಲ್ಲ. ಮಾವ ತೀರಿಕೊಂಡರು, ಆಗಲೂ ಹೇಳಲಿಲ್ಲ. ಹೊಗೆ ಎಂಜಿನ್ ಹೋಯಿತು, ಆಮೇಲೆ ಆ ಚಿಕ್ಕ ರೈಲೇ ನಿಂತುಹೋಯಿತು.

ಮಹಾಲಯದಲ್ಲಿ ಮಾವನಿಗೆ ಎಡೆ ಇಡುವಾಗ ಹೆಂಡತಿ ರಾಗಿ ರೊಟ್ಟಿ ತಪ್ಪಿಸುವುದಿಲ್ಲ. ಎಲೆಯ ಮೇಲೆ ರೊಟ್ಟಿ ಹಾಕುತ್ತ ಪ್ರತಿ ವರ್ಷ ಒಂದೇ ಮಾತು. "ಬಿಸಿ ರೊಟ್ಟಿ ಕೊಡೋಕೆ ಓಡ್ತಿದ್ದ ಮನುಷ್ಯನ್ನ ಭಿಕ್ಷೆಯೋನು ಅಂದ್ಬಿಟ್ಟೆ ನಾನು." ಪ್ರತಿ ವರ್ಷ ನಾನು ಪಕ್ಕದಲ್ಲಿ ನಿಂತು ಕರ್ಪೂರ ಹಚ್ಚಿದ್ದೇನೆ.

ಈ ವರ್ಷ ಅವಳು ಮಾತನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡುತ್ತ, "ರೀ, ಅಪ್ಪನಿಗೆ ನನ್ಮೇಲೆ ಬೇಜಾರಿತ್ತಾ? ನಿಮ್ಮ ಹತ್ರ ಯಾವತ್ತಾದ್ರೂ ಏನಾದ್ರೂ ಅಂದಿದ್ರಾ?" ಎಂದು ಕೇಳಿದಳು.

ಅವರಿಗೆ ಬೇಜಾರಿರಲಿಲ್ಲ, ತಪ್ಪು ನಿನ್ನದಲ್ಲ, ನಿನ್ನ ಬಾಯಲ್ಲಿ ಆ ಮಾತು ಬರಿಸಿದವನು ನಾನು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಹಳೇದೆಲ್ಲ ಯಾಕೀಗ, ಬಿಡು" ಅಂದೆ. ಅವಳು ಹೂಂ ಎಂದು ಎಲೆಯ ಕಡೆ ತಿರುಗಿದಳು.

ಮಾವನಲ್ಲಿ ನಾನು ಕ್ಷಮೆ ಕೇಳಿದ್ದೆ, ಅವರು ಕೊಟ್ಟಿದ್ದರು. ನನ್ನ ತಪ್ಪನ್ನು ತನ್ನದೆಂದು ಇಷ್ಟು ವರ್ಷ ಹೊತ್ತುಕೊಂಡು ಬಂದವಳಲ್ಲಿ ಮಾತ್ರ ಇವತ್ತಿನವರೆಗೂ ಕೇಳಿಲ್ಲ. ಅವಳು ನನ್ನ ಹೆಂಡತಿ.