ಕಣ್ಣು ಮುಚ್ಚಿ ಎತ್ತಿದ ಕೈ

ನಂಜುಂಡಣ್ಣ, ಅವತ್ತು ನೀವು ಸೋಲಲಿಲ್ಲ. ಕೈಗಳನ್ನು ಎಣಿಸಿದವನು ನಾನು — ಸುಳ್ಳು ಹೇಳಿದೆ.

ಒಕ್ಕೂಟದಲ್ಲಿ ಉಳಿಯಬೇಕೋ ಹೊರಬರಬೇಕೋ ಎಂದು ನಮ್ಮ ಪುಟ್ಟ ಪಕ್ಷ ಎರಡು ಹೋಳಾಗಿದ್ದ ಕಾಲ. ದಕ್ಷಿಣದ ರಾಜ್ಯಗಳ ಸಣ್ಣ ಪಕ್ಷಗಳೆಲ್ಲ ಸೇರಿದ್ದ ಆ ಒಕ್ಕೂಟ ನಿಮ್ಮ ಕನಸು. ಬನಶಂಕರಿಯ ನಿಮ್ಮ ಮನೆಯ ಮಹಡಿಯಲ್ಲೇ ಅದರ ಮಾತು ಶುರುವಾದದ್ದು. ಆದರೆ ಅದರಲ್ಲಿ ಉಳಿದರೆ ನಮ್ಮ ವಾರ್ಡಿನ ಟಿಕೆಟ್ ಬೇರೆ ಪಕ್ಷದ ಪಾಲಾಗುತ್ತಿತ್ತು. ಆ ಟಿಕೆಟ್ ನನಗೆ ಬೇಕಿತ್ತು. ಬಾಯಲ್ಲಿ ಮಾತ್ರ ಸ್ವಾಭಿಮಾನ, ಸ್ವಾಭಿಮಾನ ಎನ್ನುತ್ತಿದ್ದೆ.

ಸ್ನೇಹ ಕೆಡಬಾರದೆಂದು ನೀವೇ ತಂದ ಪದ್ಧತಿ — ಎಲ್ಲರೂ ಕಣ್ಣು ಮುಚ್ಚಿ ಕೈ ಎತ್ತಬೇಕು, ಕಾರ್ಯದರ್ಶಿಯೊಬ್ಬ ನೋಡಿ ಎಣಿಸಬೇಕು. ಯಾರ ಕೈ ಎದ್ದಿತ್ತೆಂದು ಅವನು ಯಾರಿಗೂ ಹೇಳುವಂತಿಲ್ಲ. ಕಾರ್ಯದರ್ಶಿ ನಾನು. ಉಳಿಯೋಣ ಎಂದವರು ಒಬ್ಬರು ಹೆಚ್ಚಿದ್ದರು. ನಿಮ್ಮ ಪಕ್ಕದಲ್ಲಿ ಬಾಲ್ಯದ ಗೆಳೆಯ ಶಿವರಾಮಯ್ಯ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದರು. ನಾನು ಎಣಿಸಿ ಮುಗಿಸುವವರೆಗೂ ಆ ಕೈ ಇಳಿಸಲಿಲ್ಲ.

"ಕಣ್ಣು ಬಿಡಿ. ಹೊರಗೆ ಹೋಗೋಣ ಅನ್ನೋರೇ ಒಬ್ರು ಜಾಸ್ತಿ ಇದಾರೆ," ಎಂದೆ.

ನೀವು ನನ್ನನ್ನು ಅನುಮಾನಿಸಲಿಲ್ಲ. ಹಿಂದಿನ ದಿನ ಶಿವರಾಮಯ್ಯನವರು ಒಕ್ಕೂಟದ ವಿಷಯ ಇನ್ನೊಂದು ಸಲ ಯೋಚಿಸು ಎಂದದ್ದು ನಿಮ್ಮ ಮನಸ್ಸಿನಲ್ಲಿತ್ತು. ಅವರ ಕಡೆ ತಿರುಗಿದಿರಿ.

"ಎದುರಿಗೇ ಹೇಳ್ಬೋದಿತ್ತಲ್ಲ ಶಿವು."

"ನಾನು ಕೈ ಎತ್ತಿದೀನಿ ಕಣೋ," ಎಂದವರು ನನ್ನ ಮುಖ ನೋಡಿದರು. ಹೇಳು ಎನ್ನುವಂತೆ — ನಾನೊಬ್ಬನೇ ಕಂಡಿದ್ದೆನಲ್ಲ. ಹೇಳುವಂತಿಲ್ಲ ಎಂಬ ನಿಮ್ಮದೇ ನಿಯಮದ ಹಿಂದೆ ಅಡಗಿ ಕೂತೆ.

ಆಮೇಲೆ ನೀವು ಪಕ್ಷ ಬಿಟ್ಟಿರಿ, ಶಿವರಾಮಯ್ಯನವರ ಜೊತೆ ಮಾತನ್ನೂ ಬಿಟ್ಟಿರಿ. ನನಗೆ ಟಿಕೆಟ್ ಸಿಕ್ಕಿತು, ಠೇವಣಿಯೂ ಉಳಿಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಹೋದದ್ದು ಹಾಗಿರಲಿ, ನಿಮ್ಮಿಬ್ಬರ ಗೆಳೆತನವನ್ನು ನಾನು ಏಕೆ —

ಮೊನ್ನೆ ಶಿವರಾಮಯ್ಯನವರನ್ನು ವಿಲ್ಸನ್ ಗಾರ್ಡನ್ ಚಿತಾಗಾರಕ್ಕೆ ತಂದಾಗ ನೀವು ಗೇಟಿನ ಹೊರಗೇ ನಿಂತಿದ್ದಿರಿ. ಒಳಗೆ ಬರಲಿಲ್ಲ. ಹತ್ತಿರ ಬಂದು ಹೇಳಬೇಕೆಂದುಕೊಂಡೆ, ಹೇಳದೆಯೇ ಹೊರಟುಬಿಟ್ಟೆ. ಈಗ ಕಣ್ಣು ಮುಚ್ಚಲು ಭಯವಾಗುತ್ತದೆ. ಮುಚ್ಚಿದರೆ ಆ ಕೈ ಕಾಣುತ್ತದೆ, ಇಳಿಯದೆ.

ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬಂದು ಇದನ್ನೇ ಹೇಳುತ್ತೇನೆ. ಕ್ಷಮೆ ಕೇಳಲು ಅಲ್ಲ. ಅವರ ಕೈ ನಿಮ್ಮ ಕಡೆಗಿತ್ತು — ಅದು ನಿಮಗೆ ಗೊತ್ತಾಗಬೇಕು. ನಿಮಗೆ ಗೊತ್ತಾಯಿತೆಂದು ತಿಳಿಯಲು ಅವರಿಲ್ಲ.